ವಿಶ್ವ ಇತಿಹಾಸವನ್ನು ಚರ್ಚೆ ಮಾಡಿಸಿ ಕಲಿಸುವುದು: ಹೈಸ್ಕೂಲ್ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ. ಎಂಟನೇ ತರಗತಿಯ ಗ್ರೀಕರಿಂದ ಹತ್ತನೇ ತರಗತಿಯ ಮಹಾಯುದ್ಧಗಳವರೆಗೆ ಎಲ್ಲವೂ ನನ್ನ ತಲೆಗೇ. ಕೆಲವು ವರ್ಷಗಳಿಂದ ವಿಶ್ವ ಇತಿಹಾಸದ ಒಂದಷ್ಟು ಪಾಠಗಳನ್ನು ಮಕ್ಕಳಿಂದ ವಾದ ಮಾಡಿಸಿ ಕಲಿಸುತ್ತಿದ್ದೇನೆ. ತರಬೇತಿಗೆ ಹೋದಾಗ, ಪೇಪರ್ ವ್ಯಾಲ್ಯುಯೇಶನ್‌ನಲ್ಲಿ ಸಿಕ್ಕಾಗ ಬೇರೆ ಶಾಲೆಯವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅಲ್ವಾ?

ಚರ್ಚೆ ಅಂದರೆ ಪರ-ವಿರೋಧ ಭಾಷಣ ತಾನೆ? ಅದು ಪ್ರತಿಭಾ ಕಾರಂಜಿಯಲ್ಲೇ ಇದೆಯಲ್ಲ?

ಅದು ಬೇರೆ, ಇದು ಬೇರೆ. ಪ್ರತಿಭಾ ಕಾರಂಜಿಯಲ್ಲಿ ಒಂದಿಬ್ಬರು ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಾರೆ. ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಬರೆದುಕೊಟ್ಟವರು ಮನೆಯವರೋ ನಾವೋ ಆಗಿರುತ್ತೇವೆ. ಎದುರಿನವರು ಏನು ಹೇಳಿದರು ಅಂತ ಕೇಳಿಸಿಕೊಳ್ಳುವ ಅಗತ್ಯವೇ ಇರುವುದಿಲ್ಲ.

ನಾನು ಹೇಳುತ್ತಿರುವುದು ತಾಳಮದ್ದಳೆಗೆ ಹತ್ತಿರ. ನಮ್ಮ ಕಡೆ ಇದನ್ನು ಕೇಳಿಕೊಂಡೇ ಬೆಳೆದವರು ಬಹಳ. ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಕುಳಿತುಕೊಂಡು ಮಾತಿನಲ್ಲೇ ಪಾತ್ರವನ್ನು ಕಟ್ಟುತ್ತಾರೆ. ವಾಲಿವಧೆ ಪ್ರಸಂಗದಲ್ಲಿ ಇವತ್ತು ವಾಲಿಯಾಗಿ ರಾಮನನ್ನು ಪ್ರಶ್ನೆಗಳಿಂದ ಸುಸ್ತು ಮಾಡಿದವರೇ ಮುಂದಿನ ವಾರ ರಾಮನಾಗಿ ಅದೇ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಗುತ್ತದೆ. ಎದುರಾಳಿ ಏನು ಹೇಳುತ್ತಾನೋ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಕಿವಿ ತೆರೆದಿರಲೇಬೇಕು. ತರಗತಿಯಲ್ಲಿ ನನಗೆ ಬೇಕಾಗಿರುವುದೂ ಅದೇ. ಪಕ್ಷ ಬದಲಾಯಿಸಿ ಇನ್ನೊಮ್ಮೆ ವಾದ ಮಾಡು ಅಂದರೆ ಮಗು ತಯಾರಿರಬೇಕು.

ಎಂಥ ಪ್ರಶ್ನೆ ಕೊಡಬೇಕು? ನಾನು ಕೊಟ್ಟರೆ ಗಲಾಟೆ ಮಾತ್ರ ಆಗುತ್ತದೆ.

ನನಗೂ ಆಗಿದೆ. ಮೊದಲ ವರ್ಷ ಒಂಬತ್ತರ ಮಕ್ಕಳಿಗೆ "ಹಿಟ್ಲರ್ ಸರಿಯೋ ತಪ್ಪೋ" ಅಂತ ಕೊಟ್ಟೆ. ಮಾತುಗಾರ ಹುಡುಗನೊಬ್ಬ ಎದ್ದು ರಸ್ತೆ, ಕೆಲಸ, ಶಿಸ್ತು ಅಂತ ಐದು ನಿಮಿಷ ಬಾರಿಸಿದ. ಎದುರು ಪಕ್ಷದವರ ಹತ್ತಿರ "ಅವನು ಕೆಟ್ಟವನು" ಅನ್ನುವುದನ್ನು ಬಿಟ್ಟು ಬೇರೇನೂ ಇರಲಿಲ್ಲ. ಚಪ್ಪಾಳೆ ಹುಡುಗನಿಗೇ ಬಿತ್ತು. ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ತಪ್ಪು ಹುಡುಗನದಲ್ಲ, ಪ್ರಶ್ನೆಯದು.

ಈಗ ಅದೇ ಪಾಠಕ್ಕೆ ಹೀಗೆ ಕೇಳುತ್ತೇನೆ: "ಇವತ್ತು 1933ರ ಮಾರ್ಚ್ 23. ನೀವು ಜರ್ಮನಿಯ ಕ್ಯಾಥೊಲಿಕರ ಪಕ್ಷವಾದ ಸೆಂಟರ್ ಪಾರ್ಟಿಯ ಸಂಸದ. ಸಂಸತ್ತನ್ನು ಕೇಳದೆ ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರ್ ಕೇಳುತ್ತಿದ್ದಾನೆ. ನಿಮ್ಮ ಮತ ಯಾವ ಕಡೆ?" ಜೊತೆಗೆ ಚಿಕ್ಕ ಚೀಟಿಗಳನ್ನು ಕೊಡುತ್ತೇನೆ. ಸಂಸತ್ ಭವನಕ್ಕೆ ಫೆಬ್ರವರಿ 27ರಂದು ಬೆಂಕಿ ಬಿದ್ದಿದೆ, ಸಭೆ ನಡೆಯುತ್ತಿರುವುದು ಒಂದು ಒಪೆರಾ ಹೌಸ್‌ನಲ್ಲಿ. ಒಳಗೆ ನಾಜಿ ಪಡೆಯವರು ನಿಂತಿದ್ದಾರೆ. ಕಮ್ಯುನಿಸ್ಟ್ ಸಂಸದರು ಜೈಲಿನಲ್ಲೋ ತಲೆಮರೆಸಿಕೊಂಡೋ ಇದ್ದಾರೆ. ಮೂರನೇ ಎರಡರಷ್ಟು ಬಹುಮತ ಬೇಕು, ಅದಕ್ಕೆ ನಿಮ್ಮ ಪಾರ್ಟಿಯ ಮತ ಬೇಕೇ ಬೇಕು. ಚರ್ಚಿನ ಹಕ್ಕುಗಳನ್ನು ಮುಟ್ಟುವುದಿಲ್ಲ, ಬರೆದು ಕೊಡುತ್ತೇನೆ ಅಂತ ಹಿಟ್ಲರ್ ನಿಮ್ಮ ನಾಯಕನಿಗೆ ಮಾತು ಕೊಟ್ಟಿದ್ದಾನೆ.

ಈಗ ಕೇಳಿ ನೋಡಿ. "ವಿರೋಧಿಸಿದರೆ ನಮ್ಮನ್ನೂ ಒಳಗೆ ಹಾಕುತ್ತಾನೆ ಮೇಡಂ." "ಒಪ್ಪಿಕೊಂಡರೆ ಮಾತ್ರ ಬಿಡುತ್ತಾನೇನೋ?" "ಪತ್ರ ಕೈಗೆ ಬಂದ ಮೇಲೆ ಮತ ಹಾಕೋಣ." ಎಲ್ಲ ಮುಗಿದ ಮೇಲೆ ನಡೆದದ್ದನ್ನು ಹೇಳುತ್ತೇನೆ. ಸೆಂಟರ್ ಪಾರ್ಟಿ ಪರವಾಗಿ ಮತ ಹಾಕಿತು. ವಿರುದ್ಧ ಬಿದ್ದದ್ದು 94 ಮತ, ಅಷ್ಟೂ ಸೋಷಿಯಲ್ ಡೆಮಾಕ್ರಟ್‌ಗಳದ್ದು. ಪತ್ರ ಬರಲೇ ಇಲ್ಲ. ಜುಲೈ ಹೊತ್ತಿಗೆ ಸೆಂಟರ್ ಪಾರ್ಟಿಯೇ ಇರಲಿಲ್ಲ.

ಹಿಟ್ಲರ್ ಕೆಟ್ಟವನು ಅಂತ ನಾನು ಒಂದು ಸಲವೂ ಹೇಳಬೇಕಾಗಲಿಲ್ಲ. ಪ್ರಶ್ನೆಗೆ ಒಂದು ತಾರೀಖು ಇರಬೇಕು, ನಿರ್ಧಾರ ಮಾಡಬೇಕಾದ ಒಬ್ಬ ಮನುಷ್ಯ ಇರಬೇಕು, ಆವತ್ತು ಅವನಿಗೆ ಗೊತ್ತಿದ್ದ ಸಂಗತಿಗಳಷ್ಟೇ ಕೈಯಲ್ಲಿರಬೇಕು. ನನ್ನ ಪ್ರಕಾರ ಈ ಕೆಲಸದ ಮುಕ್ಕಾಲು ಭಾಗ ಇಲ್ಲೇ ಮುಗಿಯುತ್ತದೆ. ಕುರ್ಚಿ ಬೆಂಚು ಹೇಗೆ ಜೋಡಿಸುವುದು ಅನ್ನುವುದೆಲ್ಲ ಆಮೇಲಿನ ಮಾತು.

ಹಾಗಾದರೆ ಏನನ್ನು ಬೇಕಾದರೂ ಚರ್ಚೆಗೆ ಇಡಬಹುದಾ?

ಇಲ್ಲ. ನಡೆದದ್ದು ನಡೆದಿಲ್ಲ ಅನ್ನುವ ವಾದಕ್ಕೆ ಜಾಗ ಕೊಡಬೇಡಿ. ನಾಜಿಗಳು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು. ಇದಕ್ಕೆ ಪರ-ವಿರೋಧ ಇಲ್ಲ. ಗುಲಾಮಗಿರಿ ಸರಿಯೋ ತಪ್ಪೋ ಅನ್ನುವುದಕ್ಕೂ ಇಲ್ಲ. ಆದರೆ ಫ್ರೆಂಚ್ ಕ್ರಾಂತಿಯವರು 1789ರಲ್ಲಿ ಮಾನವ ಹಕ್ಕುಗಳ ಘೋಷಣೆ ಹೊರಡಿಸಿದವರು, ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಲು 1794ರವರೆಗೆ ಯಾಕೆ ಕಾದರು? ನೆಪೋಲಿಯನ್ 1802ರಲ್ಲಿ ಅದನ್ನು ಯಾಕೆ ಮತ್ತೆ ತಂದ? ಇವನ್ನು ಎಷ್ಟು ಬೇಕಾದರೂ ಚರ್ಚಿಸಬಹುದು. ಆಗ ಫ್ರೆಂಚರ ವಸಾಹತಾಗಿದ್ದ ಹೈಟಿ ಎಲ್ಲಿದೆ ಅಂತ ಯಾರಾದರೂ ಕೇಳಿದರೆ ನಕ್ಷೆ ತೆಗೆಯಿರಿ. ಗುಲಾಮರಾಗಿದ್ದವರೇ ಹೋರಾಡಿ 1804ರಲ್ಲಿ ಸ್ವತಂತ್ರ ದೇಶ ಕಟ್ಟಿದ ಕಥೆಗೆ ಮಕ್ಕಳು ಕಣ್ಣು ಮಿಟುಕಿಸುವುದಿಲ್ಲ.

40 ನಿಮಿಷದ ಪಿರಿಯಡ್‌ನಲ್ಲಿ ಇದೆಲ್ಲ ಹೇಗೆ ಸಾಧ್ಯ?

ಫ್ರಾನ್ಸಿನ ರಾಜ 16ನೇ ಲೂಯಿಯ ವಿಚಾರಣೆಯನ್ನೇ ತೆಗೆದುಕೊಳ್ಳಿ, ನಾನು ಮಾಡುವ ಕ್ರಮ ಹೇಳುತ್ತೇನೆ. ಹಿಂದಿನ ದಿನವೇ ಕ್ರಾಂತಿಯ ಕಥೆ ಹೇಳಿ ಮುಗಿಸಿರಬೇಕು. ಕಥೆ ಗೊತ್ತಿಲ್ಲದೆ ಚರ್ಚೆ ಮಾಡಿಸಿದರೆ ಬರೀ ಊಹೆ.

ಮೊದಲ ಐದು ನಿಮಿಷ ಚೀಟಿ ಓದುವುದು. ನಾಲ್ಕು ಚೀಟಿ ಸಾಕು. ಒಂದು: ರಾಜ 1791ರ ಜೂನ್‌ನಲ್ಲಿ ಮಾರುವೇಷದಲ್ಲಿ ಪ್ಯಾರಿಸ್‌ನಿಂದ ಓಡಿಹೋಗಲು ನೋಡಿ ವಾರೆನ್ ಊರಿನಲ್ಲಿ ಸಿಕ್ಕಿಬಿದ್ದ. ಎರಡು: 1792ರ ನವೆಂಬರ್‌ನಲ್ಲಿ ಅರಮನೆಯ ಗೋಡೆಯೊಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಅವನ ಗುಟ್ಟಿನ ಕಾಗದಪತ್ರ ಸಿಕ್ಕವು. ಮೂರು: ರಾಜನನ್ನು ವಿಚಾರಣೆ ಮಾಡುವುದೇ ತಪ್ಪು, ಹಾಗೆ ಮಾಡಿದರೆ ಅವನು ನಿರಪರಾಧಿಯೂ ಇರಬಹುದು ಅಂತ ಒಪ್ಪಿದಂತಾಗುತ್ತದೆ, ಸುಮ್ನೆ ಕೊಲ್ಲಬೇಕು ಎಂಬ, ಕ್ರಾಂತಿಯ ಮುಂದಾಳು ರೋಬೆಸ್ಪಿಯರ್‌ನ ವಾದ. ನಾಲ್ಕು: ರಾಜನನ್ನು ಕೊಲ್ಲಬೇಡಿ, ಯುದ್ಧ ಮುಗಿಯುವವರೆಗೆ ಬಂಧನದಲ್ಲಿಟ್ಟು ಆಮೇಲೆ ಅಮೆರಿಕಕ್ಕೆ ಗಡೀಪಾರು ಮಾಡಿ ಎಂಬ, ಇಂಗ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನ ಸಭೆಯ ಸದಸ್ಯನಾಗಿದ್ದ ಥಾಮಸ್ ಪೇನ್‌ನ ವಾದ.

ಆಮೇಲೆ ಮೂರು ನಿಮಿಷ ಪೂರ್ತಿ ಮೌನ. ಪ್ರತಿಯೊಬ್ಬರೂ ತಮ್ಮ ಮತ ಮತ್ತು ಒಂದು ಕಾರಣ ಬರೆಯಬೇಕು. ಇದನ್ನು ದಯವಿಟ್ಟು ಬಿಡಬೇಡಿ. ಬರೆದವರಿಗೆ ಹೇಳಲು ಏನಾದರೂ ಇರುತ್ತದೆ. ಬರೆಯದವರು ಮುಂದಿನ ಬೆಂಚಿನ ಜಾಣರನ್ನು ನೋಡಿ ಕೈ ಎತ್ತುತ್ತಾರೆ.

ಇಪ್ಪತ್ತು ನಿಮಿಷ ವಾದ. ಒಂದೇ ನಿಯಮ: ಹಿಂದಿನವರು ಹೇಳಿದ್ದನ್ನು ಒಂದು ವಾಕ್ಯದಲ್ಲಿ ಹೇಳಿ, ಆಮೇಲೆ ನಿಮ್ಮ ಮಾತು. ಮಧ್ಯದಲ್ಲಿ ನಾನೊಂದು ಚೀಟಿ ಎಸೆಯುತ್ತೇನೆ: ಇದೇ ರೋಬೆಸ್ಪಿಯರ್ 1791ರಲ್ಲಿ ಮರಣದಂಡನೆಯನ್ನೇ ರದ್ದು ಮಾಡಿ ಅಂತ ವಾದಿಸಿದ್ದ! ಅಲ್ಲಿಗೆ ತರಗತಿ ಜೇನುಗೂಡು.

ಕೊನೆಗೆ ಒಬ್ಬೊಬ್ಬರಾಗಿ ಮುಂದೆ ಬಂದು ಮತ ಹೇಳುತ್ತಾರೆ. ಪ್ಯಾರಿಸ್‌ನ ಕ್ರಾಂತಿಯ ಸಭೆಯಲ್ಲಿ ನಿಜವಾಗಿಯೂ ಹಾಗೆಯೇ ನಡೆದದ್ದು, 1793ರ ಜನವರಿಯಲ್ಲಿ. ರಾಜ ನಿರಪರಾಧಿ ಅಂತ ಒಬ್ಬನೂ ಹೇಳಲಿಲ್ಲ. ಆದರೆ ಷರತ್ತಿಲ್ಲದ ಮರಣದಂಡನೆಗೆ 721 ಮತಗಳಲ್ಲಿ ಬಿದ್ದದ್ದು 361. ಹುಡುಗರು ಅರ್ಧ ಎಷ್ಟು ಅಂತ ಲೆಕ್ಕ ಹಾಕಿ ಬೆಚ್ಚುತ್ತಾರೆ. ಸಾವೇ ಆಗಲಿ, ಆದರೆ ಮುಂದೂಡುವ ವಿಚಾರವನ್ನೂ ಯೋಚಿಸಿ ಅಂದವರು ಇನ್ನೂ 26 ಮಂದಿ ಇದ್ದರು, ಅದನ್ನೂ ಹೇಳಿ. ರಾಜನ ನೆಂಟ, ಆರ್ಲಿಯನ್ಸ್‌ನ ಡ್ಯೂಕ್ ಆಗಿದ್ದವನು, ಸಾವಿಗೇ ಮತ ಹಾಕಿದ. ಜನವರಿ 21ರಂದು ಲೂಯಿಯ ತಲೆ ಹೋಯಿತು. ಅದೇ ವರ್ಷದ ಕೊನೆಗೆ ಪೇನ್ ಜೈಲಿನಲ್ಲಿದ್ದ.

ತರಗತಿಯಲ್ಲಿ 55 ಮಕ್ಕಳು. ಮಾತಾಡುವವರು ಅದೇ ನಾಲ್ಕು ಜನ. ಏನು ಮಾಡಲಿ?

ಹುಣಸೆ ಬೀಜ ತನ್ನಿ. ಪ್ರತಿ ಮಗುವಿಗೂ ಎರಡು ಬೀಜ. ಒಮ್ಮೆ ಮಾತಾಡಿದರೆ ಒಂದು ಬೀಜ ಡಬ್ಬಿಗೆ. ಎರಡೂ ಖರ್ಚಾದರೆ ಬಾಯಿಗೆ ಬೀಗ. ಮಾತಿನ ಮಲ್ಲರು ಹತ್ತು ನಿಮಿಷದಲ್ಲಿ ಖಾಲಿಯಾಗಿ ಒದ್ದಾಡುತ್ತಾ ಕೂರುತ್ತಾರೆ. ಆಮೇಲೆ ಪಕ್ಕದವರಿಗೆ ಪಿಸುಗುಟ್ಟಿ ಪಾಯಿಂಟ್ ಕೊಡುತ್ತಾರೆ. ಅದು ನಡೆಯಲಿ, ತಡೆಯಬೇಡಿ.

55 ಮಂದಿಗೂ ಒಂದೇ ಚರ್ಚೆ ಆಗುವುದಿಲ್ಲ. ಅರ್ಧ ಮಕ್ಕಳು ಒಳಗೆ ವೃತ್ತವಾಗಿ ಕೂತು ವಾದ ಮಾಡಲಿ, ಹೊರಗಿನ ವೃತ್ತದ ಪ್ರತಿಯೊಬ್ಬರೂ ಒಳಗಿನ ಒಬ್ಬರನ್ನು ಗಮನಿಸಿ ಅವರ ಒಳ್ಳೆಯ ಪಾಯಿಂಟ್ ಬರೆದುಕೊಳ್ಳಲಿ. ಹತ್ತು ನಿಮಿಷಕ್ಕೆ ಜಾಗ ಅದಲು ಬದಲು. ಇನ್ನೊಂದು ಮಾತು, ಪುಸ್ತಕದ ಕನ್ನಡದಲ್ಲೇ ಮಾತಾಡಿ ಅಂತ ಒತ್ತಾಯಿಸಬೇಡಿ. ತುಳು, ಉರ್ದು, ಲಂಬಾಣಿ ಬೆರೆಸಿ ಮಾತಾಡಿದರೆ ಗೆಳೆಯರೇ ಅರ್ಥ ಹೇಳುತ್ತಾರೆ. ವರ್ಷವಿಡೀ ತುಟಿ ಬಿಚ್ಚದ ಹುಡುಗಿಯೊಬ್ಬಳು ಮನೆ ಮಾತಿನಲ್ಲಿ "ರಾಜನ ಹೆಂಡತಿ ಮಕ್ಕಳನ್ನ ಏನು ಮಾಡ್ತೀರಿ, ಅದನ್ನ ಮೊದಲು ಹೇಳಿ" ಅಂದಾಗ ಇಡೀ ವೃತ್ತ ತೆಪ್ಪಗಾಗಿತ್ತು.

ಪೋರ್ಶನ್ ಮುಗಿಯಲ್ಲ, ಎಸ್‌ಎಸ್‌ಎಲ್‌ಸಿ ರಿಸಲ್ಟ್ ಕೇಳುತ್ತಾರೆ. ಟೈಮ್ ಎಲ್ಲಿದೆ?

ಎಲ್ಲ ಪಾಠಕ್ಕೂ ಚರ್ಚೆ ಬೇಡ. ವರ್ಷಕ್ಕೆ ಒಂದು ತರಗತಿಗೆ ನಾಲ್ಕೋ ಐದೋ ಸಾಕು. ಜಾಸ್ತಿಯಾದರೆ ನಿಮಗೂ ಸುಸ್ತು, ಅವರಿಗೂ ಬೇಜಾರು.

ಕೆಲವು ಕಡೆ ಇದರಿಂದ ಸಮಯ ಉಳಿಯುತ್ತದೆ. ಮೊದಲ ಮಹಾಯುದ್ಧದ ಕಾರಣಗಳನ್ನೇ ನೋಡಿ. ಜೂನ್ 28, 1914, ಸರಯೇವೊ, ಆಸ್ಟ್ರಿಯ-ಹಂಗೇರಿಯ ಯುವರಾಜನ ಮೇಲೆ 19 ವರ್ಷದ ಪ್ರಿನ್ಸಿಪ್ ಹಾರಿಸಿದ ಗುಂಡು. ಜುಲೈ 23, ಸರ್ಬಿಯಕ್ಕೆ ಆಸ್ಟ್ರಿಯ-ಹಂಗೇರಿಯ 48 ಗಂಟೆಗಳ ಗಡುವು. ಜುಲೈ 28, ಯುದ್ಧ ಘೋಷಣೆ. ಜುಲೈ 30, ರಷ್ಯಾದ ಸೈನ್ಯ ಸಜ್ಜಾಗಲು ಆದೇಶ. ಆಗಸ್ಟ್ 1, ರಷ್ಯಾದ ಮೇಲೆ ಜರ್ಮನಿ. ಆಗಸ್ಟ್ 4, ಬೆಲ್ಜಿಯಂಗೆ ಜರ್ಮನ್ ಸೈನ್ಯ ನುಗ್ಗಿತು, ಬ್ರಿಟನ್ ಯುದ್ಧಕ್ಕಿಳಿಯಿತು. ಇವನ್ನು ಚೀಟಿ ಮಾಡಿ, ತಾರೀಖು ಕತ್ತರಿಸಿ, ಕಲೆಸಿ ಗುಂಪುಗಳಿಗೆ ಕೊಡಿ. ಮೊದಲು ಸಾಲಾಗಿ ಜೋಡಿಸಲಿ. ಆಮೇಲೆ ಒಂದೇ ಪ್ರಶ್ನೆ: ಯಾವ ಚೀಟಿಯನ್ನು ತೆಗೆದರೆ ಯುದ್ಧ ನಿಲ್ಲುತ್ತಿತ್ತು? ಇಡೀ ಪಾಠ ಅಲ್ಲೇ ತಲೆಗೆ ಹೋಗುತ್ತದೆ. ರಿವಿಜನ್‌ನಲ್ಲಿ ಮತ್ತೆ ಹೇಳಿಕೊಡಬೇಕಾಗಿಲ್ಲ.

ಚರ್ಚೆಯಲ್ಲಿ ಬಂದದ್ದು ಪಠ್ಯಪುಸ್ತಕದ ಉತ್ತರಕ್ಕೆ ವಿರುದ್ಧವಾದರೆ?

ಇದು ನಿಜವಾದ ತಲೆನೋವು. ನಮಗೆಲ್ಲ ಗೊತ್ತಿರುವ ಉದಾಹರಣೆ ಹತ್ತನೇ ತರಗತಿಯದ್ದು. 1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ವಶಪಡಿಸಿಕೊಂಡರು, ವ್ಯಾಪಾರದ ದಾರಿ ಅವರ ಕೈಗೆ ಹೋಯಿತು, ಹಾಗಾಗಿ ಯುರೋಪಿಯನ್ನರು ಸಮುದ್ರದ ದಾರಿ ಹುಡುಕಿದರು. ಎಷ್ಟು ವರ್ಷದಿಂದ ಈ ಉತ್ತರಕ್ಕೆ ಟಿಕ್ ಹಾಕಿದ್ದೇವೆ!

ಈಗ ಮಕ್ಕಳಿಗೆ ನಾಲ್ಕು ಸಂಗತಿ ಕೊಡಿ. ಪೋರ್ಚುಗೀಸರು ಆಫ್ರಿಕಾದ ಸೆಯುಟಾ ಊರನ್ನು ಹಿಡಿದದ್ದು 1415ರಲ್ಲಿ. ಅಂದರೆ ಕಾನ್‌ಸ್ಟಾಂಟಿನೋಪಲ್ ಬೀಳುವುದಕ್ಕೆ 38 ವರ್ಷ ಮೊದಲೇ ಅವರು ಹೊರಟಿದ್ದರು. ವೆನಿಸ್ ನಗರ 1454ರಲ್ಲೇ ತುರ್ಕರ ಜೊತೆ ಒಪ್ಪಂದ ಮಾಡಿಕೊಂಡು ವ್ಯಾಪಾರ ಮುಂದುವರಿಸಿತು. ಮೆಣಸು ಹೆಚ್ಚಾಗಿ ಹೋಗುತ್ತಿದ್ದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಮೂಲಕ, ಈಜಿಪ್ಟ್ ತುರ್ಕರ ಕೈಗೆ ಬಂದದ್ದು 1517ರಲ್ಲಿ. ಅಷ್ಟು ಹೊತ್ತಿಗೆ ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದು 19 ವರ್ಷ ಆಗಿತ್ತು, ಗೋವಾ ಪೋರ್ಚುಗೀಸರದ್ದಾಗಿ ಏಳು ವರ್ಷ.

"ಹಾಗಾದ್ರೆ ಪುಸ್ತಕ ಸುಳ್ಳಾ ಮೇಡಂ?" ಅಂತ ಕೇಳುತ್ತಾರೆ. ಸುಳ್ಳಲ್ಲ. 1453 ಯುರೋಪನ್ನು ಬೆಚ್ಚಿಬೀಳಿಸಿದ್ದು ನಿಜ. ಆದರೆ ಅದೊಂದೇ ಕಾರಣ ಅನ್ನುವುದು ನಿಲ್ಲುವುದಿಲ್ಲ. ವೆನಿಸ್‌ನವರನ್ನು ಬಿಟ್ಟು ತಾವೇ ಮೆಣಸು ತರಬೇಕು ಎಂಬ ಆಸೆ ಇತ್ತು, ಆಫ್ರಿಕಾದ ಚಿನ್ನದ ಆಸೆ ಇತ್ತು, ಧರ್ಮದ ಜಿದ್ದೂ ಇತ್ತು. ಪರೀಕ್ಷೆಗೆ ನಾನು ಹೇಳುವುದು ಇಷ್ಟೇ: ಪುಸ್ತಕದ ಅಂಶಗಳನ್ನು ಮೊದಲು ಬರೆಯಿರಿ, ಅಂಕ ಅದಕ್ಕಿದೆ. ಆಮೇಲೆ ಜಾಗ ಉಳಿದರೆ ನಿಮ್ಮದೊಂದು ಸಾಲು ಸೇರಿಸಿ. ಇದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಅಂತ ನನ್ನ ಸಹೋದ್ಯೋಗಿಯೊಬ್ಬರು ರೇಗಿಸುತ್ತಾರೆ. ಇರಲಿ, ಮಕ್ಕಳ ಅಂಕದ ಜೊತೆ ಆಟ ಆಡಲು ನನಗೆ ಧೈರ್ಯ ಇಲ್ಲ.

ಆ ಕಾಲದ ದಾಖಲೆಗಳು ಕನ್ನಡದಲ್ಲಿ ಎಲ್ಲಿ ಸಿಗುತ್ತವೆ?

ಹುಡುಕುತ್ತಾ ಕೂತರೆ ವರ್ಷ ಮುಗಿಯುತ್ತದೆ. ನೀವೇ ಮಾಡಿಕೊಳ್ಳಿ. ಒಂದು ಭಾಷಣದ ಐದಾರು ಸಾಲು ಸಾಕು, ಮಕ್ಕಳ ಭಾಷೆಗೆ ಇಳಿಸಿ. ಇಂಗ್ಲಿಷ್ ಮೇಷ್ಟ್ರ ಸಹಾಯ ಕೇಳಿ, ಖುಷಿಯಿಂದ ಮಾಡುತ್ತಾರೆ.

ಮೊಬೈಲಿನಲ್ಲಿ ಸಿಕ್ಕಿದ್ದರ ಬಗ್ಗೆ ಮಾತ್ರ ಎಚ್ಚರ. "ರೊಟ್ಟಿ ಇಲ್ಲದಿದ್ದರೆ ಕೇಕ್ ತಿನ್ನಲಿ" ಅಂತ 16ನೇ ಲೂಯಿಯ ರಾಣಿ ಮೇರಿ ಆಂಟೊಯ್‌ನೆಟ್ ಹೇಳಿದಳು ಅನ್ನುವುದನ್ನು ನಾನೇ ಎಷ್ಟೋ ಸಲ ಪಾಠದಲ್ಲಿ ಹೇಳಿದ್ದೆ. ಅವಳು ಹೇಳಿದ್ದಕ್ಕೆ ಆಧಾರ ಇಲ್ಲ. ಆ ಥರದ ಮಾತು ಲೇಖಕ ರೂಸೋನ ಬರವಣಿಗೆಯಲ್ಲಿ ಯಾವುದೋ ರಾಜಕುಮಾರಿಯ ಹೆಸರಲ್ಲಿ ಬರುತ್ತದೆ, ಆಗ ಮೇರಿ ಇನ್ನೂ ಆಸ್ಟ್ರಿಯದಲ್ಲಿ ಚಿಕ್ಕ ಹುಡುಗಿ. ಈಗ ಇದನ್ನೇ ಒಂದು ಪಾಠ ಮಾಡಿದ್ದೇನೆ. ಯಾರು ಹೇಳಿದ್ದು, ಯಾವಾಗ ಬರೆದದ್ದು, ಬರೆದವನಿಗೆ ಹೇಗೆ ಗೊತ್ತಾಯಿತು? ಈ ಮೂರು ಪ್ರಶ್ನೆ ಬೋರ್ಡಿನ ಮೂಲೆಯಲ್ಲಿ ಸದಾ ಇರುತ್ತವೆ.

"ಎಲ್ಲಿಯ ಫ್ರಾನ್ಸ್, ಎಲ್ಲಿಯ ನಮ್ಮೂರು" ಅಂತ ಮಕ್ಕಳು ಕೇಳಿದರೆ?

ನಂಟು ಇದ್ದಲ್ಲಿ ತೋರಿಸಿ, ಇಲ್ಲದಲ್ಲಿ ಎಳೆದು ತರಬೇಡಿ. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ವರ್ಸೈಗೆ ಹೋಗಿ ಇದೇ 16ನೇ ಲೂಯಿಯನ್ನು ಕಂಡಿದ್ದರು. ಮುಂದಿನ ವರ್ಷವೇ ಕ್ರಾಂತಿ. ಮೈಸೂರು ಲ್ಯಾನ್ಸರ್ಸ್ ಕುದುರೆ ಸೈನಿಕರು 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಮೊದಲ ಮಹಾಯುದ್ಧದಲ್ಲಿ ಈಗಿನ ಇಸ್ರೇಲಿನ ಹೈಫಾ ನಗರವನ್ನು ಗೆದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ, ಟೂರ್ ಹೋದಾಗ ತೋರಿಸಬಹುದು. ಯಾರದೋ ಯುದ್ಧಕ್ಕೆ ನಮ್ಮವರು ಯಾಕೆ ಹೋದರು ಅನ್ನುವುದು ಹತ್ತರ ಮಕ್ಕಳಿಗೆ ಒಳ್ಳೆಯ ಪ್ರಶ್ನೆ.

ಧರ್ಮ, ಜಾತಿಯ ಕಡೆ ಮಾತು ತಿರುಗಿ ಜಗಳ ಆದರೆ?

ಮಗುವಿನ ಧರ್ಮ ನೋಡಿ ಪಕ್ಷ ಕೊಡಬೇಡಿ, ಅಷ್ಟು ಮಾಡಿದರೆ ಅರ್ಧ ಜಗಳ ಇರುವುದಿಲ್ಲ. ಚೀಟಿ ಎತ್ತಿಸಿ. ಧರ್ಮಯುದ್ಧಗಳ ಪಾಠದಲ್ಲಿ "ನೀವು" "ನಿಮ್ಮವರು" ಎಂಬ ಪದಗಳಿಗೆ ನಮ್ಮ ತರಗತಿಯಲ್ಲಿ ನಿಷೇಧ. "1099ರಲ್ಲಿ ಜೆರುಸಲೇಮಿಗೆ ನುಗ್ಗಿದವರು" ಅನ್ನಬೇಕು. ಬಿಸಿ ಏರಿದರೆ ವಾದ ನಿಲ್ಲಿಸಿ, ಎರಡು ನಿಮಿಷ ಎಲ್ಲರೂ ಬರೆಯಲಿ. ಒಮ್ಮೆ ಅದೂ ಸಾಲದೆ ಕಿಟಕಿ ತೆಗೆಸಿ ನೀರು ಕುಡಿಸಿದ್ದೇನೆ.

ಅಂಕ ಹೇಗೆ ಕೊಡುವುದು?

ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಸೇರಿಸಿ. ಮಾತಿಗೆ ಅಂಕ ಕೊಡಬೇಡಿ, ಚರ್ಚೆ ಆದ ಮೇಲೆ ಬರೆದ ಒಂದು ಪುಟಕ್ಕೆ ಕೊಡಿ. ನಾನು ನೋಡುವುದು ಎರಡೇ. ಸಂಗತಿ ಸರಿ ಇದೆಯಾ? ಎದುರು ಪಕ್ಷದ ಗಟ್ಟಿ ವಾದವನ್ನು ಗಟ್ಟಿಯಾಗಿಯೇ ಬರೆದಿದ್ದಾರಾ? ಮನಸ್ಸು ಬದಲಾಯಿಸಿ ಕಾರಣ ಬರೆದವರಿಗೆ ನಾನು ಸ್ವಲ್ಪ ಧಾರಾಳಿ. ಗೆದ್ದವರು ಯಾರು ಅಂತ ಘೋಷಿಸುವುದೇ ಇಲ್ಲ.

ಮಕ್ಕಳು ಕೇಳಿದ್ದಕ್ಕೆ ನನಗೇ ಉತ್ತರ ಗೊತ್ತಿಲ್ಲದಿದ್ದರೆ? ನನ್ನ ಅಭಿಪ್ರಾಯ ಕೇಳಿದರೆ?

ಗೊತ್ತಿಲ್ಲ ಅನ್ನಿ, ಬೋರ್ಡಿನಲ್ಲಿ ಬರೆದಿಡಿ, ನಾಳೆ ಹೇಳಿ. ಅಭಿಪ್ರಾಯವನ್ನು ಮತ ಎಣಿಸಿದ ಮೇಲೆ ಹೇಳಿ. ಮೊದಲೇ ಹೇಳಿದರೆ 55 ಮಂದಿಯೂ ನಿಮ್ಮ ಕಡೆ.

ಮೊದಲ ಸಲ ಮಾಡುತ್ತಿದ್ದೇನೆ. ಯಾವುದರಿಂದ ಶುರು ಮಾಡಲಿ?

ಎಂಟನೇ ತರಗತಿಯ ಗ್ರೀಕರ ಪಾಠದಿಂದ. ಕ್ರಿ.ಪೂ. 427. ಮಿಟಿಲಿನಿ ಎಂಬ ನಗರ ಅಥೆನ್ಸಿನ ವಿರುದ್ಧ ದಂಗೆ ಎದ್ದು ಸೋತಿದೆ. ಸಿಟ್ಟಿನಲ್ಲಿದ್ದ ಅಥೆನ್ಸಿನ ಸಭೆ, ಅಲ್ಲಿನ ಗಂಡಸರನ್ನೆಲ್ಲ ಕೊಲ್ಲಿ, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾಡಿ ಅಂತ ತೀರ್ಮಾನಿಸಿ ಹಡಗು ಕಳಿಸಿತು. ಮರುದಿನ ಜನರಿಗೆ ಕಸಿವಿಸಿಯಾಗಿ ಮತ್ತೆ ಸಭೆ ಸೇರಿತು. ಕ್ಲಿಯಾನ್ ಎದ್ದು, ಕೊಟ್ಟ ತೀರ್ಪು ಬದಲಾಯಿಸಿದರೆ ನಾಳೆ ಎಲ್ಲರೂ ದಂಗೆ ಏಳುತ್ತಾರೆ ಅಂದ. ಡಿಯೋಡೋಟಸ್ ಎದ್ದು, ಎಲ್ಲರನ್ನೂ ಕೊಂದರೆ ನಾಳೆ ದಂಗೆ ಎದ್ದವರು ಶರಣಾಗದೆ ಕೊನೆಯ ಉಸಿರಿನವರೆಗೂ ಹೋರಾಡುತ್ತಾರೆ, ನಷ್ಟ ನಮಗೇ ಅಂದ. ಅವನು ಕರುಣೆ ತೋರಿಸಿ ಅಂತ ಕೇಳಲಿಲ್ಲ. ಲಾಭ ನಷ್ಟದ ಮಾತಾಡಿದ. ಇದನ್ನು ಮಕ್ಕಳೇ ಕಂಡುಹಿಡಿಯುವವರೆಗೆ ಕಾಯಿರಿ. ಈ ಭಾಷಣಗಳನ್ನು ನಮಗೆ ಬರೆದಿಟ್ಟವನು ಆ ಕಾಲದ ಇತಿಹಾಸಕಾರ ಥುಸಿಡಿಡೀಸ್, ಅವು ಟೇಪ್ ಮಾಡಿದ್ದಲ್ಲ ಅನ್ನುವುದನ್ನೂ ಹೇಳಿ.

ಚೀಟಿ ಎರಡೇ ಸಾಕು, ಹೆಸರು ಎರಡೇ, ಪ್ರಶ್ನೆ ಒಂದೇ: ಹಡಗನ್ನು ವಾಪಸ್ ಕರೆಸಬೇಕಾ? ಅಥೆನ್ಸಿನಲ್ಲಿ ಡಿಯೋಡೋಟಸ್ ಕೂದಲೆಳೆಯಲ್ಲಿ ಗೆದ್ದ. ಎರಡನೇ ಹಡಗು ಹೊರಟಿತು. ಮೊದಲನೆಯದು ಹೊರಟು ಸುಮಾರು ಒಂದು ಹಗಲು ಒಂದು ರಾತ್ರಿ ಆಗಿತ್ತು. ಅಂಬಿಗರು ಹುಟ್ಟು ಹಾಕುತ್ತಲೇ ವೈನು, ಎಣ್ಣೆಯಲ್ಲಿ ಕಲಸಿದ ಜವೆ ಹಿಟ್ಟು ತಿಂದರು, ಸರದಿಯಲ್ಲಿ ಮಲಗಿದರು. ಅದು ಸಮಯಕ್ಕೆ ತಲುಪಿತಾ ಇಲ್ಲವಾ ಅನ್ನುವುದನ್ನು ಮಾತ್ರ ಗಂಟೆ ಹೊಡೆಯುವವರೆಗೂ ಹೇಳಬೇಡಿ.